ಕೋಟೆಗೆ ಹೋಗದ ಕಪ್ಪು ರಾಜ

ಪಟ್ಟಂದೂರು ಅಗ್ರಹಾರದ ಆ ದೊಡ್ಡ ಐಟಿ ಪಾರ್ಕಿನ ಎರಡನೇ ಮಹಡಿಯಲ್ಲಿ, ಭಾನುವಾರವೆಂದು ಬಾಗಿಲು ಹಾಕಿದ್ದ ದೋಸೆ ಕೌಂಟರಿನ ಎದುರಿಗೆ, ಚೆಸ್ ಬೋರ್ಡಿನಲ್ಲಿ, ಸುಕೃತಿಯ ರಾಜನ ಮೇಲೆ ದಂಡು ಹೊರಟಿತ್ತು.

ಬಿಳಿಯ ಮಂತ್ರಿ ಬಂದಾಗಿತ್ತು. ಬಿಳಿಯ ಒಂಟೆ ದೂರದಿಂದಲೇ ಓರೆಗಣ್ಣಿನಲ್ಲಿ ಗುರಿಯಿಟ್ಟು ನಿಂತಿತ್ತು. ಕುದುರೆಯೊಂದು ಕಾಲು ಕೆರೆಯುತ್ತಿತ್ತು. ಇವರೆಲ್ಲರ ಮುಂದೆ ಇಬ್ಬರು ಬಿಳಿಯ ಕಾಲಾಳುಗಳು, ಮದುವೆ ದಿಬ್ಬಣಕ್ಕೆ ದಾರಿ ಬಿಡಿಸುವವರ ಹಾಗೆ, ಒಂದೊಂದೇ ಮನೆ ಮುಂದೆ ಬರುತ್ತಿದ್ದರು. ಎಲ್ಲರೂ ಬರುತ್ತಿದ್ದುದು ಸುಕೃತಿಯ ಎಡಗಡೆಗೆ. ಕಪ್ಪು ರಾಜ ಮೊದಲು ಕೂತಿದ್ದ ನಡುಮನೆಯಲ್ಲೇ ಇನ್ನೂ ಕೂತಿದ್ದ. ಆದರೆ ಅವನು ಇನ್ನೇನು ಎಡಗಡೆಗೆ ಸರಿದು, ಮೂಲೆಯ ಆನೆಯನ್ನು ಪಕ್ಕಕ್ಕೆ ಕರೆದುಕೊಂಡು ಕೋಟೆ ಕಟ್ಟಿಕೊಂಡು ಕೂರುತ್ತಾನೆ ಎಂದು ಬಿಳಿಯವರಿಗೆಲ್ಲ ಖಾತರಿಯಾಗಿತ್ತು. ಬರುವ ಅತಿಥಿಗಾಗಿ ಮುಂಚೆಯೇ ಬಾಗಿಲಲ್ಲಿ ಕಾದು ನಿಂತ ಹಾಗಿತ್ತು ಅವರ ಸಂಭ್ರಮ.

ಎದುರಿಗೆ ಕೂತಿದ್ದವನ ಹೆಸರು ಸಿದ್ದಾರ್ಥ್. ಇದೇ ಪಾರ್ಕಿನ ಒಂದು ಸಾಫ್ಟ್‌ವೇರ್ ಕಂಪನಿಯವನು. ಮೂಲ ದಾವಣಗೆರೆ ಕಡೆಯಂತೆ, ಕೈಕುಲುಕುವಾಗಲೇ ಹೇಳಿದ್ದ. "ಹಾಯ್ ಮೇಡಂ, ಫಸ್ಟ್ ಟೂರ್ನಮೆಂಟಾ? ಆರಾಮಾಗಿ ಆಡಿ, ಎಂಜಾಯ್ ಮಾಡಿ" ಎಂದೂ ಹೇಳಿದ್ದ. ಅವನ ದನಿಯಲ್ಲಿ ಕೊಂಕು ಇರಲಿಲ್ಲ. ಜಾರುಬಂಡೆ ಹತ್ತುವ ಮಗುವಿಗೆ ದೊಡ್ಡವರು ಹೇಳುವ ಹಾಗೆ ಹೇಳಿದ್ದ, ಅಷ್ಟೆ. ಅದೇ ಸುಕೃತಿಗೆ ಚುಚ್ಚಿತ್ತು.

ಯಾಕೆಂದರೆ ಆ ದಿನ ಅಂಥ ಮಾತು ಅವಳು ಕೇಳಿದ್ದು ಅದು ಎರಡನೇ ಸಲ. ಮೊದಲನೆಯದು ಬೆಳಗ್ಗೆ ಮೆಟ್ರೋದಲ್ಲಿ. ನಾಗಸಂದ್ರದಲ್ಲಿ ರೈಲು ಹತ್ತಿ ಸೀಟು ಸಿಕ್ಕ ಮೇಲೆ, ಅವಳ ಕಾರ್ಖಾನೆಯ ಸೂಪರ್‌ವೈಸರ್ ಮಲ್ಲಿಕ್ ಅವಳತ್ತ ಬಾಗಿ ಹೇಳಿದ್ದರು: "ನೋಡು ಸುಕೃತಿ, ಟೆನ್ಶನ್ ತಗೋಬೇಡ. ನೀನು ಸೋತ್ರೂ ಪರವಾಗಿಲ್ಲ. ಕೂತ್ಕೊಂಡಿದ್ರೆ ಸಾಕು. ಮಿಕ್ಕಿದ್ದು ನಾವು ಮೂರು ಜನ ನೋಡ್ಕೋತೀವಿ."

ಪಕ್ಕದಲ್ಲಿ ಚಿತ್ರಾನ್ನದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅವಳ ಅಜ್ಜಿ ಸೀತಾಲಕ್ಷ್ಮಿಗೆ ಇದು ಕೇಳಿಸಿತು. "ಕೂತ್ಕೊಳ್ಳೋಕೆ ಅಷ್ಟು ದೂರ ಯಾಕಪ್ಪಾ? ನಮ್ಮನೇಲೇ ಸೋಫಾ ಇದೆಯಲ್ಲ" ಎಂದರು. ಮಲ್ಲಿಕ್ ನಕ್ಕುಬಿಟ್ಟರು. ಅಜ್ಜಿ ನಗಲಿಲ್ಲ.

ವಿಷಯ ಇಷ್ಟು. ಪೀಣ್ಯದ ಆ ಗೇರ್ ಕಾರ್ಖಾನೆಯ ತಂಡದಲ್ಲಿ ಮಲ್ಲಿಕ್, ಸ್ಟೋರ್ಸಿನ ಭಾನುಪ್ರಕಾಶ್, ಡಿಸೈನ್ ವಿಭಾಗದ ಚಿನ್ಮಯ್, ಮೂರೂ ಜನ ವರ್ಷಗಳಿಂದ ಆಡಿದವರು. ಕಂಪನಿ ಕಂಪನಿಗಳ ನಡುವಿನ ಈ ಪಂದ್ಯಕ್ಕೆ ಪ್ರತಿ ತಂಡದಲ್ಲೂ ಒಬ್ಬ ಹೆಣ್ಣುಮಗಳಾದರೂ ಇರಬೇಕೆಂಬ ನಿಯಮ. ಹಾಗಾಗಿ ನಾಲ್ಕನೇ ಬೋರ್ಡಿಗೆ ಸುಕೃತಿ. ಇನ್‌ಸ್ಪೆಕ್ಷನ್ ಟೇಬಲಿನಲ್ಲಿ ಗೇರಿನ ಹಲ್ಲುಗಳನ್ನು ಅಳೆಯುತ್ತ ಅಳೆಯುತ್ತ ಅದು ಯಾವುದೋ ರಾಕ್ಷಸನ ಕಿರೀಟವೆಂದು ಕಂಡು, ಮೈಕ್ರೋಮೀಟರ್ ಹಿಡಿದುಕೊಂಡೇ ಎಲ್ಲಿಗೋ ಹೋಗಿಬಿಡುತ್ತಿದ್ದ ಹುಡುಗಿ. "ಏನಮ್ಮಾ, ಯಾವ ಲೋಕದಲ್ಲಿದ್ದೀಯಾ?" ಎಂದು ಮಲ್ಲಿಕ್ ದಿನಕ್ಕೊಂದು ಸಲವಾದರೂ ಕೂಗುತ್ತಿದ್ದರು. ಅವಳಿಗೆ ಚೆಸ್ ಬರುತ್ತದೆ ಎಂದಾಗ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. "ಯಾರು ಕಲಿಸಿದ್ದು?" ಎಂದು ಭಾನುಪ್ರಕಾಶ್ ಕೇಳಿದ್ದ. "ನಮ್ಮಜ್ಜಿ" ಎಂದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು.

ಅವಳಿಗೆ ಬೇಕಾಗಿದ್ದು ಟ್ರೋಫಿಯಲ್ಲ, ಚಪ್ಪಾಳೆಯಲ್ಲ. ಆ ಮೂವರೂ ಒಂದು ಸಲ, ಒಂದೇ ಒಂದು ಸಲ, ಇವಳೂ ಆಟಗಾರ್ತಿ ಎಂದು ಒಪ್ಪಬೇಕು. ಅಷ್ಟೆ ಆಸೆ.

ಈಗ ಸೆಮಿಫೈನಲ್. ಪಕ್ಕದ ಮೂರೂ ಬೋರ್ಡುಗಳು ಆಗಲೇ ಮುಗಿದಿದ್ದವು. ಮೊದಲನೇ ಬೋರ್ಡಿನಲ್ಲಿ ಮಲ್ಲಿಕ್ ಗೆದ್ದಿದ್ದರು, ಎರಡನೆಯದರಲ್ಲಿ ಭಾನುಪ್ರಕಾಶ್ ಸೋತಿದ್ದ, ಚಿನ್ಮಯನದು ಡ್ರಾ. ಲೆಕ್ಕ ಸಮಸಮ. ಅಂದರೆ ಕೂತಿದ್ದರೆ ಸಾಕು ಎನಿಸಿಕೊಂಡವಳ ಮೇಜಿನ ಮೇಲೆಯೇ ಎಲ್ಲವೂ ಬಂದು ನಿಂತಿತ್ತು. ಸುತ್ತ ಜನ ಸೇರತೊಡಗಿದ್ದರು. ಅಜ್ಜಿ ಹಗ್ಗದ ಆಚೆ, ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ, ಕನ್ನಡಕವನ್ನು ಮೂಗಿನ ಮೇಲೆ ಒತ್ತಿಕೊಂಡು ಕೂತಿದ್ದರು.

ಆಟದ ಶುರುವಿನಲ್ಲಿ ಸುಕೃತಿ ತಪ್ಪೇನೂ ಮಾಡಿರಲಿಲ್ಲ. ಫೋನಿನಲ್ಲಿ ನೋಡಿ ನೋಡಿ ಕಲಿತ ಫ್ರೆಂಚ್ ಡಿಫೆನ್ಸನ್ನೇ ಆಡಿದ್ದಳು. ಕರಿಯವರು ನಡುವೆ ಗೋಡೆ ಕಟ್ಟಿ ಕಾಯುವ ಆಟ ಅದು. ಗೋಡೆ ಗಟ್ಟಿಯಾಗಿತ್ತು. ನಡುವಿನ ಕಾಲಾಳುಗಳೆಲ್ಲ ಮುಖಕ್ಕೆ ಮುಖ ಕೊಟ್ಟು ಅಲ್ಲಾಡದೆ ನಿಂತಿದ್ದರು. ಅವಳ ಮಂತ್ರಿ ಬಲಗಡೆಯ ಅಂಚಿಗೆ ಹೋಗಿ ಕೂತಿದ್ದಳು. ಅಜ್ಜಿಯ ಕಥೆಗಳಲ್ಲಿ ಮಂತ್ರಿ ಯಾವಾಗಲೂ ಹೆಂಗಸೇ. ಆದರೆ ಈ ಆಟದಲ್ಲಿ ಬಿಳಿಯವರು ಗೋಡೆಗೆ ತಲೆ ಚಚ್ಚಿಕೊಳ್ಳುವುದಿಲ್ಲ. ಪಕ್ಕದಿಂದ ಸುತ್ತಿ ರಾಜನ ಮನೆಗೇ ನುಗ್ಗುತ್ತಾರೆ. ಸಿದ್ದಾರ್ಥನಿಗೆ ಅದು ಕರತಲಾಮಲಕ. ಪ್ರತಿ ನಡೆಯನ್ನೂ ಆಡಿ, ಗಡಿಯಾರ ಒತ್ತಿ, ಎದ್ದು ಹೋಗಿ ಪಕ್ಕದವರ ಆಟ ನೋಡಿ ಬರುತ್ತಿದ್ದ.

'ಎಡಗಡೆ ಕೋಟೆ ಕಟ್ಟಿದರೆ ಸತ್ತೆ' ಎಂದುಕೊಂಡಳು ಸುಕೃತಿ. ಅದು ಅವಳಿಗೆ ನಿಚ್ಚಳವಾಗಿ ಕಾಣುತ್ತಿತ್ತು. ರಾಜ ಅಲ್ಲಿ ಹೋಗಿ ಕೂತ ಮರುಕ್ಷಣವೇ ಆ ಓರೆಗಣ್ಣಿನ ಒಂಟೆ ಪ್ರಾಣ ಕೊಟ್ಟು ಬಾಗಿಲು ಒಡೆಯುತ್ತದೆ, ಹಿಂದೆಯೇ ಕುದುರೆ, ಅದರ ಹಿಂದೆ ಮಂತ್ರಿ. ಹಾಗಾದರೆ ರಾಜ ಹೋಗುವುದಾದರೂ ಎಲ್ಲಿಗೆ?

ಆಗ ಅವಳಿಗೆ ನೆನಪಾಯಿತು. ನೆನಪಾದದ್ದೇನು, ಬೋರ್ಡೇ ಕರಗಿ ರಾಜಗೋಪಾಲನಗರದ ಮನೆಯ ಜಗಲಿ ಬಂದುಬಿಟ್ಟಿತು. ಸೀಮೆಸುಣ್ಣದಲ್ಲಿ ಗೀಚಿದ ಮನೆಗಳು, ಬಣ್ಣ ಹೋದ ಮರದ ಕಾಯಿಗಳು, ಅಜ್ಜಿಯ ದನಿ. "ರಾಜನಿಗೆ ವಯಸ್ಸಾಯ್ತು ಪುಟ್ಟಿ, ಮಂಡಿ ನೋವು. ಒಂದೊಂದೇ ಹೆಜ್ಜೆ ಇಡ್ತಾನೆ. ಆದ್ರೆ ಹಿತ್ಲಲ್ಲಿ ಒಂದು ಕುದುರೆ ಕಟ್ಟಿಟ್ಟಿರ್ತಾನೆ, ಯಾರಿಗೂ ಹೇಳಿಲ್ಲ. ಶತ್ರು ಬಂದು ಷಹ ಅನ್ನೋಕೆ ಮುಂಚೆ, ಇಡೀ ಜೀವಮಾನದಲ್ಲಿ ಒಂದೇ ಒಂದು ಸಲ, ಅದರ ಮೇಲೆ ಹತ್ತಿ ಹಾರಿಬಿಡ್ತಾನೆ. ಆಮೇಲೆ ನೋಡು, ಬಂದೋರೆಲ್ಲ ಖಾಲಿ ಅರಮನೆ ನೋಡ್ಕೊಂಡು ಬಾಯಿ ಬಾಯಿ ಬಿಡ್ತಾರೆ."

ಷಹ, ಅಂದರೆ ಚೆಕ್, ಇನ್ನೂ ಯಾರೂ ಕೊಟ್ಟಿರಲಿಲ್ಲ. ಹಾರಿಕೆ ಹಾಗೇ ಇತ್ತು.

ಸುಕೃತಿ ನಸುನಗುತ್ತ ರಾಜನನ್ನು ಎತ್ತಿದಳು. ಎರಡು ಮನೆ ಬಲಕ್ಕೆ, ಒಂದು ಮನೆ ಮುಂದಕ್ಕೆ ಹಾರಿಸಿ, ಮಂತ್ರಿಯ ಹತ್ತಿರ ಕೂರಿಸಿ, ಗಡಿಯಾರ ಒತ್ತಿದಳು. ಇಂಥ ಸುಂದರವಾದ ನಡೆಯನ್ನು ತಾನು ಹಿಂದೆಂದೂ ಆಡಿರಲಿಲ್ಲ ಎನಿಸಿತು.

ಸಿದ್ದಾರ್ಥ್ ಬೋರ್ಡನ್ನೇ ನೋಡಿದ. ಅವಳನ್ನು ನೋಡಿದ. ಮತ್ತೆ ಬೋರ್ಡನ್ನು ನೋಡಿದ.

"ಮೇಡಂ... ಅದು ರಾಜ."

"ಹೌದು."

"ಕುದುರೆ ಅಲ್ಲ, ರಾಜ."

"ಗೊತ್ತು. ಹಾರಿಸಿದೆ."

ಹಿಂದೆ ನಿಂತಿದ್ದ ಯಾರೋ ಕಿಸಕ್ಕನೆ ನಕ್ಕರು. "ಮಗಾ, ನೋಡೋ ಇಲ್ಲಿ, ರಾಜ ಜಂಪ್ ಹೊಡೆದ!" ಎಂದ ಇನ್ನೊಬ್ಬ. ಸಿದ್ದಾರ್ಥ್ ಗಡಿಯಾರ ನಿಲ್ಲಿಸಿ ಕೈ ಎತ್ತಿದ. ತೀರ್ಪುಗಾರ್ತಿ ಉಮಾಶ್ರೀ, ಕುತ್ತಿಗೆಯಲ್ಲಿ ಗುರುತಿನ ಪಟ್ಟಿ ನೇತಾಡಿಸಿಕೊಂಡು ಬಂದವರು, ಬೋರ್ಡಿನತ್ತ ಬಗ್ಗಿ ನೋಡಿದರು. "ಇಲ್ಲೀಗಲ್ ಮೂವ್" ಎಂದರು.

ಸುಕೃತಿಗೆ ಅರ್ಥವಾಗಲಿಲ್ಲ. "ಯಾಕೆ ಮೇಡಂ? ಇನ್ನೂ ಚೆಕ್ ಬಿದ್ದಿಲ್ಲವಲ್ಲ."

"ಚೆಕ್ ಬಿದ್ರೂ ಅಷ್ಟೇ, ಬೀಳ್ದಿದ್ರೂ ಅಷ್ಟೇ. ರಾಜ ಹಂಗೆ ಹೋಗೋದಿಲ್ಲಮ್ಮ."

"ಒಂದು ಸಲ ಹೋಗ್ತಾನಲ್ಲ?"

"ಯಾವ ಸಲಾನೂ ಹೋಗಲ್ಲ."

ಮೆಟ್ಟಿಲಿದೆ ಎಂದು ಕಾಲಿಟ್ಟ ಜಾಗದಲ್ಲಿ ಮೆಟ್ಟಿಲೇ ಇಲ್ಲದ ಹಾಗಾಯಿತು ಸುಕೃತಿಗೆ. ಎಷ್ಟೋ ತಿಂಗಳು ಫೋನಿನಲ್ಲಿ ಆಡಿದ್ದಳಲ್ಲ, ಆಗ ಯಾಕೆ ತಿಳಿಯಲಿಲ್ಲ? ತಿಳಿಯಿತು, ಈಗ ತಿಳಿಯಿತು. ಒಂದೆರಡು ಸಲ ಆಟದ ನಡುವೆ ರಾಜನನ್ನು ಹಾರಿಸಲು ಬೆರಳಿನಲ್ಲಿ ಎಳೆದಿದ್ದಳು. ರಾಜ ಪುಟಿದು ವಾಪಸು ಬಂದು ತನ್ನ ಮನೆಯಲ್ಲೇ ಕೂತಿದ್ದ. 'ಓ, ಆಗಲೇ ಎಲ್ಲೋ ಚೆಕ್ ಬಿದ್ದಿತ್ತಲ್ಲ, ಹಾರಿಕೆ ಹೋಗಿರಬೇಕು' ಎಂದುಕೊಂಡಿದ್ದಳು. ಅಜ್ಜಿಯ ನಿಯಮದ ಪ್ರಕಾರ ಅದು ಸರಿಯಾಗಿಯೇ ಇತ್ತು. ಇನ್ನೊಂದು ಸಲ, ಒಡೆದ ಸ್ಕ್ರೀನನ್ನು ಬೈದುಕೊಂಡಿದ್ದಳು. ಫೋನು ಅವಳಿಗೆ ತಪ್ಪೆಂದು ಯಾವತ್ತೂ ಹೇಳಲಿಲ್ಲ. ಸುಮ್ಮನೆ ರಾಜನನ್ನು ವಾಪಸು ಇಟ್ಟಿತು.

"ಯಾಕಮ್ಮಾ ಇಲ್ಲ?" ಹಗ್ಗದ ಆಚೆಯಿಂದ ದನಿ ಬಂತು. ಅಜ್ಜಿ ಎದ್ದು ನಿಂತಿದ್ದರು. "ಷಹ ಬೀಳೋವರ್ಗೂ ಒಂದು ಹಾರಿಕೆ ಉಂಟು. ನಮ್ಮ ತಾತನ ಕಾಲದಿಂದ ಉಂಟು."

"ಅಜ್ಜಿ, ಪ್ಲೀಸ್. ಆಡ್ತಿರೋರಿಗೆ ಏನೂ ಹೇಳ್ಬಾರ್ದು."

"ಅವಳಿಗೆಲ್ಲಿ ಹೇಳ್ತಿದೀನಿ? ನಿಮಗೆ ಹೇಳ್ತಿದೀನಿ."

ಜನ ಗೊಳ್ಳೆಂದರು. ಉಮಾಶ್ರೀಗೂ ನಗು ಬಂತು, ತಡೆದುಕೊಂಡರು. "ಅಜ್ಜಿ, ನೀವು ಹೇಳೋದು ಹಳೇ ಚದುರಂಗ. ನಮ್ಮ ತಾತನೂ ಹಂಗೇ ಆಡ್ತಿದ್ರು. ಆದ್ರೆ ಇಲ್ಲಿ ಬೇರೆ ನಿಯಮ. ಇಲ್ಲಿ ಆ ಹಾರಿಕೆ ಇಲ್ಲ."

ಸುಕೃತಿ ತಿರುಗಿ ಅಜ್ಜಿಯನ್ನು ನೋಡಿದಳು. ಆ ಮುಖದಲ್ಲಿ ಅಷ್ಟು ದಿಗಿಲನ್ನು ಅವಳು ಕಂಡಿರಲಿಲ್ಲ. ತಾತ ಆಸ್ಪತ್ರೆಯಲ್ಲಿದ್ದಾಗಲೂ ಅಜ್ಜಿಯ ಮುಖ ಹೀಗಾಗಿರಲಿಲ್ಲ. ಮೊಮ್ಮಗಳ ಕೈಗೆ ತಾನೇ ಮುರಿದ ಕತ್ತಿ ಕೊಟ್ಟು ಕಳಿಸಿದೆನೆಂದು ಆ ಕ್ಷಣದಲ್ಲಿ ತಿಳಿದವರ ಮುಖ ಅದು. ಅಜ್ಜಿ ನಿಧಾನವಾಗಿ ಕೂತರು, ಡಬ್ಬಿಯನ್ನು ಎದೆಗೊತ್ತಿಕೊಂಡು.

ಉಮಾಶ್ರೀ ಮೇಜಿನ ಕಡೆ ಬಗ್ಗಿ ಮೆಲ್ಲಗೆ, ಆದರೆ ಖಚಿತವಾಗಿ ಹೇಳಿದರು. "ಎದುರಾಳಿಗೆ ಎರಡು ನಿಮಿಷ ಜಾಸ್ತಿ ಕೊಡ್ತೀನಿ. ಇನ್ನೊಂದು ಸಲ ಇಂಥ ತಪ್ಪಾದ್ರೆ ಆಟ ನಿಮ್ಮ ಕೈಬಿಟ್ಟ ಹಾಗೆ, ಗೊತ್ತಾಯ್ತಾ? ಮತ್ತೆ, ನೀವು ಮುಟ್ಟಿರೋದು ರಾಜನ್ನ. ರಾಜನ್ನೇ ಆಡ್ಬೇಕು. ಬೇರೆ ಕಾಯಿ ಆಡೋ ಹಾಗಿಲ್ಲ."

ರಾಜ ಮತ್ತೆ ನಡುಮನೆಗೆ ಬಂದ. ಗಡಿಯಾರ ಮತ್ತೆ ಓಡತೊಡಗಿತು.

ಸಿದ್ದಾರ್ಥ್ ಈಗ ಕುರ್ಚಿಯಿಂದ ಏಳಲಿಲ್ಲ. ಮೊಣಕೈ ಊರಿ ಮುಂದಕ್ಕೆ ಬಾಗಿದ. ಇವಳು ರಾಜನನ್ನೇ ಆಡಬೇಕು. ರಾಜನನ್ನು ಆಡುವುದೆಂದರೆ ಇನ್ನೇನು, ಎಡಗಡೆಗೆ ಕೋಟೆ. ಅವನ ಕಣ್ಣು ಆಗಲೇ ಒಂಟೆಯ ಮೇಲೆ ಹೋಗಿತ್ತು. ಮಲ್ಲಿಕ್ ಹಣೆಗೆ ಕೈ ಹಚ್ಚಿ ಗೋಡೆಗೆ ಒರಗಿದ್ದರು. ಭಾನುಪ್ರಕಾಶ್ ಬೇರೆ ಕಡೆ ನೋಡುತ್ತಿದ್ದ.

ಸುಕೃತಿ ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡಳು. ತನ್ನ ಕೈಗಳ ಮೇಲೆಯೇ ಅವಳಿಗೆ ನಂಬಿಕೆ ಹೋಗಿತ್ತು. ಹುಟ್ಟಿದಾಗಿನಿಂದ ಗೊತ್ತಿದ್ದ ಒಂದು ನಿಜ ಈಗಷ್ಟೇ ಸುಳ್ಳಾಗಿತ್ತು. ಇನ್ನು ಯಾವುದು ನಿಜ? ಕುದುರೆ ಹಾರುವುದಾದರೂ ನಿಜವೇ? ಒಂಟೆ ಓರೆಯಾಗಿ ಹೋಗುವುದು? ಒಂದೊಂದು ಕಾಯಿಯನ್ನೂ ಮೊದಲ ಸಲ ನೋಡುವವಳಂತೆ ನೋಡಿದಳು. ಇದು ಇಲ್ಲಿದೆ. ಇದು ಇಲ್ಲಿಗೆ ಹೋಗಬಲ್ಲದು. ಅಷ್ಟೆ. ಅಜ್ಜಿಯ ಕಥೆಯಿಲ್ಲದೆ, ಕಿರೀಟವಿಲ್ಲದೆ, ಕುದುರೆಗೆ ಹೆಸರಿಲ್ಲದೆ, ಬರೀ ಮರದ ತುಂಡುಗಳು ಬರೀ ಚೌಕಗಳ ಮೇಲೆ.

ಎಂದೂ ಬೋರ್ಡು ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ.

ಎಡಗಡೆಗೆ ಕೋಟೆ: ಸಾವು. ಎಡಗಡೆಗೆ ಒಂದು ಹೆಜ್ಜೆ: ಅದೂ ಸಾವು, ಸ್ವಲ್ಪ ತಡವಾಗಿ. ಬಲಗಡೆಗೆ ಒಂದು ಹೆಜ್ಜೆ? ಆ ಮನೆ ಖಾಲಿ. ಮಂತ್ರಿ ಎದ್ದು ಹೋದ ಮನೆ. ಅಲ್ಲಿಂದ ಮುಂದಿನ ಸಲ ಓರೆಯಾಗಿ ಇನ್ನೊಂದು ಹೆಜ್ಜೆ ಇಟ್ಟರೆ, ಹಾರಿ ತಲುಪಬೇಕೆಂದಿದ್ದ ಅದೇ ಜಾಗ. ಹಾರಲು ಬಾರದಿದ್ದರೆ ನಡೆಯಬಹುದಲ್ಲ! ಕುದುರೆ ಇಲ್ಲದಿದ್ದರೆ ಕಾಲಿದೆಯಲ್ಲ! ನಡುವಿನ ಗೋಡೆ ಗಟ್ಟಿಯಾಗಿದೆ, ಒಂದೆರಡು ನಡೆಯಲ್ಲಿ ಅದನ್ನು ಒಡೆಯಲು ಯಾರಿಂದಲೂ ಆಗದು. ಸೈನ್ಯವೆಲ್ಲ ಎಡಗಡೆಯಲ್ಲಿದೆ. ನಡುಹಗಲಲ್ಲಿ, ಎಲ್ಲರೂ ನೋಡುತ್ತಿರುವಂತೆಯೇ, ಮುದುಕ ರಾಜ ಬಲಗಡೆಗೆ ನಡೆದು ಹೋದರೆ ತಡೆಯುವವರು ಯಾರೂ ಇಲ್ಲ.

ಒಂದು ಕೈಯನ್ನು ಹೊರತೆಗೆದಳು. ರಾಜನನ್ನು ಬಲಕ್ಕೆ ಒಂದೇ ಒಂದು ಮನೆ ಸರಿಸಿದಳು. ಅದು ಒಂದೇ ಮನೆಯೇ ಎಂದು ಎರಡು ಸಲ ನೋಡಿ ಗಡಿಯಾರ ಒತ್ತಿದಳು. ಕೈ ಮತ್ತೆ ತೊಡೆಯ ಕೆಳಗೆ.

ಸಿದ್ದಾರ್ಥನ ಹುಬ್ಬು ಮೇಲೇರಿತು. ಒಂಟೆಯತ್ತ ಚಾಚಿದ್ದ ಅವನ ಕೈ ಗಾಳಿಯಲ್ಲೇ ನಿಂತಿತು.

"ಕೋಟೆಗೆ ಹೋಗ್ಲಿಲ್ವಾ?" ಎಂದು ಹಿಂದೆ ಯಾರೋ ಪಿಸುಗುಟ್ಟಿದರು.

"ಹೋಗಿದ್ರೆ ಚೆನ್ನಾಗಿರ್ತಿತ್ತು. ರಾಜ ಒಂದ್ಸಲ ಕದಲಿದ್ಮೇಲೆ ಇನ್ಯಾವತ್ತೂ ಹೋಗಕ್ಕಾಗಲ್ಲ. ಮುಗೀತು ಬಿಡು."

ಹಾಗೆಂದು ಸಿದ್ದಾರ್ಥನಿಗೂ ಅನಿಸಿರಬೇಕು. ಅವನು ದಂಡನ್ನು ವಾಪಸು ಕರೆಯಲಿಲ್ಲ. ಅಷ್ಟು ದೂರ ಬಂದ ಮೇಲೆ ಯಾರು ತಾನೆ ಕರೆಯುತ್ತಾರೆ? ಕಾಲಾಳುಗಳನ್ನು ಇನ್ನೂ ಮುಂದಕ್ಕೆ ದೂಡಿದ. ಸುಕೃತಿ ರಾಜನನ್ನು ಮತ್ತೊಂದು ಹೆಜ್ಜೆ ನಡೆಸಿದಳು. ಅವನು ಮತ್ತೆ ದೂಡಿದ. ಅವಳು ಬಲಗಡೆಯ ಒಬ್ಬ ಕಾಲಾಳನ್ನು ಮುಂದಿಟ್ಟು ಆ ಓರೆಗಣ್ಣಿನ ಒಂಟೆಯನ್ನು ಹಿಂದಕ್ಕೆ ಅಟ್ಟಿದಳು. ಕುದುರೆಯನ್ನು ಒಳ್ಳೆಯ ಜಾಗದಲ್ಲಿ ನಿಲ್ಲಿಸಿದಳು. ಪ್ರತಿ ನಡೆಗೂ ಮುಂಚೆ, ಈ ಕಾಯಿ ನಿಜವಾಗಿ ಹೀಗೇ ಹೋಗುತ್ತದೆಯೇ ಎಂದು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದಳು. ಅಂಗಡಿಯಲ್ಲಿ ಹೊಸ ನೋಟು ತಿರುಗಿಸಿ ಮುರುಗಿಸಿ ನೋಡುವವರ ಹಾಗೆ.

ಆಮೇಲೆ, ಯಾವಾಗಲೋ, ಆಟ ಮಗ್ಗುಲು ಬದಲಿಸಿತು.

ಬಿಳಿಯ ಮಂತ್ರಿ, ಕುದುರೆ, ಮುಂದೆ ನುಗ್ಗಿದ ಕಾಲಾಳುಗಳು ಎಲ್ಲರೂ ಎಡಗಡೆಗೆ ಬಂದು ಸೇರಿದ್ದರು. ಅಲ್ಲಿ ಹೊಡೆಯಲು ಯಾರೂ ಇರಲಿಲ್ಲ. ಮದುವೆ ಮನೆಯ ವಿಳಾಸ ತಪ್ಪಿ ಬಂದ ದಿಬ್ಬಣದ ಹಾಗೆ ಒಬ್ಬರ ಕಾಲನ್ನೊಬ್ಬರು ತುಳಿಯುತ್ತ ನಿಂತಿದ್ದರು. ಅದೇ ಎಡಗಡೆಯ ಆಚೆ ತುದಿಯಲ್ಲಿ ಬಿಳಿಯ ರಾಜ. ಅವನು ಆಟದ ಶುರುವಿನಲ್ಲೇ ತನ್ನ ಕೋಟೆ ಕಟ್ಟಿಕೊಂಡು, ಮುಂದೆ ಮೂರು ಕಾಲಾಳುಗಳನ್ನು ಕಾವಲಿಟ್ಟುಕೊಂಡು ಬೆಚ್ಚಗೆ ಕೂತಿದ್ದವನು. ಆ ಮೂವರಲ್ಲಿ ಇಬ್ಬರು ದಾಳಿಗೆಂದು ಹೊರಟುಹೋಗಿದ್ದರು. ಬಾಗಿಲು ಹಾರು ಹೊಡೆದಿತ್ತು. ಆ ಬಾಗಿಲಿನ ನೇರಕ್ಕೆ, ಬೋರ್ಡಿನ ಎಡ ಅಂಚಿನ ಸಾಲಿನಲ್ಲಿ, ಆಟ ಶುರುವಾದಾಗಿನಿಂದ ಒಂದು ಹೆಜ್ಜೆಯೂ ಕದಲದ ಸುಕೃತಿಯ ಆನೆ ನಿಂತಿತ್ತು. ಕೋಟೆ ಕಟ್ಟಿದ್ದರೆ ಅದು ಅಲ್ಲಿಂದ ಸರಿದಿರುತ್ತಿತ್ತು.

ಅವಳು ಆನೆಯ ಮುಂದಿದ್ದ ಕಾಲಾಳನ್ನು ಒಂದು ಮನೆ ಮುಂದಿಟ್ಟು ಬಿಳಿಯವರನ್ನು ಕೆಣಕಿದಳು. ಹೊಡೆದಾಟವಾಯಿತು. ಒಬ್ಬ ಕರಿಯ ಕಾಲಾಳು, ಒಬ್ಬ ಬಿಳಿಯ ಕಾಲಾಳು ಬಿದ್ದರು. ಆ ಸಾಲು ಈ ತುದಿಯಿಂದ ಆ ತುದಿಯವರೆಗೆ, ಹಬ್ಬದ ದಿನದ ತುಮಕೂರು ರಸ್ತೆಯ ಹಾಗೆ, ಖಾಲಿಯಾಯಿತು.

ಈಗ ಸಿದ್ದಾರ್ಥನ ಬೆನ್ನು ನೆಟ್ಟಗಾಯಿತು. ಅವನು ತುಂಬ ಹೊತ್ತು ಯೋಚಿಸಿದ. ಕಾಫಿ ಲೋಟ ಎತ್ತಿ, ಖಾಲಿಯಾಗಿದ್ದನ್ನು ನೋಡಿ, ಇಟ್ಟ. ಒಂದು ನಡೆ ಆಡಿದ. ಆಡಿ, ಗಡಿಯಾರ ಒತ್ತುವ ಮುಂಚೆ ಹೇಳಿದ: "ಡ್ರಾ ಮಾಡ್ಕೊಳ್ಳೋಣ್ವಾ ಮೇಡಂ?"

ಸುತ್ತಲಿದ್ದವರೆಲ್ಲ ಲೆಕ್ಕ ಹಾಕತೊಡಗಿದರು. ಡ್ರಾ ಆದರೆ ಎರಡೂ ತಂಡ ಸಮ. ಸಮವಾದರೆ ಮೊದಲನೇ ಬೋರ್ಡಿನಲ್ಲಿ ಗೆದ್ದವರಿಗೆ ಮೇಲುಗೈ. ಅಂದರೆ ಮಲ್ಲಿಕ್ ಗೆದ್ದಿರುವುದರಿಂದ ಪೀಣ್ಯದವರೇ ಫೈನಲಿಗೆ. ಡ್ರಾ ಮಾಡಿಕೊಂಡರೂ ತನ್ನ ತಂಡ ಸೋಲುತ್ತದೆಂದು ತಿಳಿದೇ ಕೇಳುತ್ತಿದ್ದಾನೆ ಈ ಹುಡುಗ! ಸುಕೃತಿಗೆ ಇದು ಹೊಳೆಯಿತು. ಎದುರಿಗಿದ್ದವನಿಗೆ ಭಯವಾಗಿತ್ತು. ಅವಳಿಂದ.

ನಾಯಕರು 'ಒಪ್ಪು' ಎಂದೋ 'ಬೇಡ' ಎಂದೋ ಹೇಳಬಹುದು, ಅಷ್ಟಕ್ಕೆ ನಿಯಮದಲ್ಲಿ ಅಡ್ಡಿಯಿಲ್ಲ. ಪೀಣ್ಯದವರ ನಾಯಕ ಮಲ್ಲಿಕ್ ಎರಡು ಹೆಜ್ಜೆ ಮುಂದೆ ಬಂದರು. "ತಗೋ ಸುಕೃತಿ. ಒಪ್ಕೋ."

ತಗೊಂಡರೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು. ತಂಡ ಗೆಲ್ಲುತ್ತಿತ್ತು. ಸೋಮವಾರ ಕ್ಯಾಂಟೀನಿನಲ್ಲಿ ಕಥೆ ಹೇಗೆ ಹರಡುತ್ತದೆಂಬುದೂ ಅವಳಿಗೆ ಕೇಳಿಸತೊಡಗಿತ್ತು: ಮಲ್ಲಿಕ್ ಸಾರ್ ಗೆದ್ದರಂತೆ, ಆ ಹುಡುಗಿ ರಾಜನನ್ನು ಕುದುರೆ ಥರ ಹಾರಿಸಿದಳಂತೆ, ಪಾಪ, ಎದುರಿನ ಹುಡುಗ ಒಳ್ಳೆಯವನು, ಡ್ರಾ ಕೊಟ್ಟನಂತೆ. ಬದುಕಿರುವವರೆಗೂ ಅವಳು ರಾಜನನ್ನು ಹಾರಿಸಿದವಳು. ಅವಳ ಅಜ್ಜಿ ಅದನ್ನು ಕಲಿಸಿಕೊಟ್ಟವರು.

ಮತ್ತೆ ಬೋರ್ಡು ನೋಡಿದಳು. ತಾನು ನೋಡುತ್ತಿರುವುದು ಕನಸಲ್ಲ ತಾನೆ? ಮೂರು ಸಲ ನೋಡಿದಳು. ಕನಸಲ್ಲ.

"ಇಲ್ಲ. ಆಡ್ತೀನಿ" ಎಂದಳು. ದನಿ ತನ್ನದೇ ಎಂದು ನಂಬಲಾಗಲಿಲ್ಲ.

"ಏನು?" ಎಂದರು ಮಲ್ಲಿಕ್.

"ಸರ್, ನೀವು ಹಿಂದೆ ಹೋಗಿ" ಎಂದರು ಉಮಾಶ್ರೀ.

ಮಲ್ಲಿಕ್ ಹಿಂದೆ ಹೋಗಲಿಲ್ಲ, ನಿಂತಲ್ಲೇ ಕಲ್ಲಾದರು. ಚಿನ್ಮಯ್ "ಅಯ್ಯೋ ಗುರು, ಹುಚ್ಚು ಹಿಡೀತಾ ಇವಳಿಗೆ" ಎಂದದ್ದು ಎಲ್ಲರಿಗೂ ಕೇಳಿಸಿತು.

ಕಪ್ಪು ರಾಜ ತನ್ನ ಮೊದಲ ಸಾಲನ್ನು ಬಿಟ್ಟು ಮುಂದೆ ಬಂದಿದ್ದರಿಂದ ಆ ಸಾಲೂ ತೆರವಾಗಿತ್ತು. ಬಲ ಮೂಲೆಯಲ್ಲಿ ಇಷ್ಟು ಹೊತ್ತು ತೂಕಡಿಸುತ್ತಿದ್ದ ಎರಡನೇ ಆನೆಗೆ ಎಡ ಅಂಚಿನವರೆಗೆ ದಾರಿ ಸಿಕ್ಕಿತು. ಸುಕೃತಿ ಮೊದಲನೇ ಆನೆಯನ್ನು ಅದೇ ಸಾಲಿನಲ್ಲಿ ಮುಂದಕ್ಕೆ ಕಳಿಸಿದಳು. ಸಿದ್ದಾರ್ಥ್ ತನ್ನ ಮಂತ್ರಿಯನ್ನು ಮನೆ ಕಾಯಲು ವಾಪಸು ಓಡಿಸಲು ನೋಡಿದ. ಅವನ ಕಾಯಿಗಳೇ ದಾರಿಗೆ ಅಡ್ಡ ನಿಂತಿದ್ದವು. ಅವಳು ಎರಡನೇ ಆನೆಯನ್ನು ತಂದು ಮೊದಲನೆಯದರ ಬೆನ್ನಿಗೆ ನಿಲ್ಲಿಸಿದಳು. ಕುದುರೆ ನಿಂತಲ್ಲೇ ನಿಂತು, ಬಿಳಿಯ ರಾಜ ಕೊನೆಗೆ ಓಡಿ ಹೋಗಬಹುದಾಗಿದ್ದ ಒಂದೇ ಒಂದು ಮನೆಯನ್ನು ಕಾಯುತ್ತಿತ್ತು.

ಮೊದಲನೇ ಆನೆ ಕೊನೆಯ ಸಾಲಿಗೆ ನುಗ್ಗಿ ಬಿಳಿಯ ರಾಜನ ಪಕ್ಕಕ್ಕೇ ಹೋಗಿ ನಿಂತಿತು. ಚೆಕ್. ಹಿಂದೆ ಎರಡನೆಯದು ಇದ್ದುದರಿಂದ ಅದನ್ನು ಹೊಡೆಯುವಂತಿರಲಿಲ್ಲ. ಬಿಳಿಯ ರಾಜ ಒಂದು ಹೆಜ್ಜೆ ಮುಂದೆ ಬಂದ, ಬೇರೆ ಜಾಗವಿರಲಿಲ್ಲ. ಎರಡನೇ ಆನೆ ನುಗ್ಗಿ ಅವನ ಮಗ್ಗುಲಿಗೆ ಬಂತು.

ಸಿದ್ದಾರ್ಥ್ ತನ್ನ ರಾಜನ ಸುತ್ತಲಿನ ಮನೆಗಳನ್ನು ಒಂದೊಂದಾಗಿ ಕಣ್ಣಿನಲ್ಲೇ ಮುಟ್ಟಿದ. ಎರಡನೇ ಸುತ್ತು ಮುಟ್ಟಿದ. ಮುಖದಲ್ಲಿ ರಕ್ತವಿರಲಿಲ್ಲ. ಬಾಯಿ ಅರ್ಧ ತೆರೆದಿತ್ತು, ಕಣ್ಣು ರೆಪ್ಪೆ ಬಡಿಯುವುದನ್ನೇ ಮರೆತಿತ್ತು. ಸ್ವಲ್ಪ ಹೊತ್ತಿನ ಹಿಂದೆ ತನ್ನ ಮುಖವೂ ಹೀಗೇ ಇದ್ದಿರಬೇಕು ಎನಿಸಿತು ಸುಕೃತಿಗೆ.

"ಮೇಟ್" ಎಂದು ಅವನೇ ಹೇಳಿದ, ಯಾರಿಗೋ ಸುದ್ದಿ ಮುಟ್ಟಿಸುವವನ ಹಾಗೆ. ಆಮೇಲೆ ಕೈ ಚಾಚಿದ. ಅವಳ ಕೈ ಆಗಲೇ ಮತ್ತೆ ತೊಡೆಯ ಕೆಳಗೆ ಹೋಗಿತ್ತು. ಎಳೆದುಕೊಂಡು ಕೊಟ್ಟಳು.

"ನೀವು ಕ್ಯಾಸಲ್ ಮಾಡೇ ಮಾಡ್ತೀರ ಅಂದ್ಕೊಂಡಿದ್ದೆ" ಎಂದ. "ಎಲ್ಲಾರೂ ಮಾಡ್ತಾರೆ. ಇಡೀ ಆಟ ಅದರ ಮೇಲೇ ಕಟ್ಟಿದ್ದೆ ಮೇಡಂ."

"ಹಾರೋಕೆ ಬಿಟ್ಟಿದ್ರೆ..." ಎಂದು ಸುಕೃತಿ ಶುರುಮಾಡಿದಳು. ಬಿಟ್ಟಿದ್ದರೆ ಏನಾಗುತ್ತಿತ್ತೋ ಅವಳಿಗೂ ತಿಳಿಯದು.

ಚಪ್ಪಾಳೆ ಬೀಳಲಿಲ್ಲ. ಬೀಳುವುದಕ್ಕೆ ಮೊದಲು ಎಲ್ಲರಿಗೂ ಬೋರ್ಡನ್ನು ನೋಡಿ ನಂಬಬೇಕಾಗಿತ್ತು. ಒಬ್ಬೊಬ್ಬರೇ ಕತ್ತು ಚಾಚಿ ನೋಡಿ, ಪಕ್ಕದವರಿಗೆ ಜಾಗ ಬಿಟ್ಟುಕೊಡುತ್ತಿದ್ದರು. ಭಾನುಪ್ರಕಾಶ್ ಕಾಯಿಗಳನ್ನು ಮುಟ್ಟದೆ ಬೆರಳಿನಲ್ಲೇ ದಾರಿ ಎಳೆದು, "ಇಲ್ಲಿಗೂ ಹೋಗಕ್ಕಾಗಲ್ಲ... ಇಲ್ಲಿಗೂ ಆಗಲ್ಲ..." ಎನ್ನುತ್ತಿದ್ದ. ಅಜ್ಜಿ ಹಗ್ಗ ದಾಟಿ ಬಂದವರು ಮೊಮ್ಮಗಳ ಹತ್ತಿರ ಬರಲಿಲ್ಲ. ನೆಟ್ಟಗೆ ಸಿದ್ದಾರ್ಥನ ಹತ್ತಿರ ಹೋಗಿ, "ಮುಖ ನೋಡು, ಹೇಗೆ ಬಾಡಿದೆ. ಬೆಳಗ್ಗೆಯಿಂದ ಬರೀ ಕಾಫಿ ಕುಡ್ಕೊಂಡು ಆಡಿದ್ಯಾ ಹೇಗೆ? ತಗೋಪ್ಪಾ" ಎಂದು ಡಬ್ಬಿಯ ಮುಚ್ಚಳ ತೆಗೆಯತೊಡಗಿದರು. ಅವನು ಬೆಪ್ಪಾಗಿ ಕೈಯೊಡ್ಡಿದ.

ಮಲ್ಲಿಕ್ ಸುಕೃತಿಯ ಎದುರಿಗೆ ಬಂದು ನಿಂತರು. ಅವರ ಮುಖದಲ್ಲಿ ಇದ್ದದ್ದು ಸಂತೋಷವೋ ಸಿಟ್ಟೋ ಅವಳಿಗೆ ಗೊತ್ತಾಗಲಿಲ್ಲ.

"ನಾನು ತಗೋ ಅಂದಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು ಸಾರ್."

"ಮತ್ತೆ?"

"ಗೆಲ್ತಿದ್ದೆ ಸಾರ್."

ಅವರು ಎಡಕ್ಕೆ ತಿರುಗಿ ಬೋರ್ಡನ್ನು ನೋಡಿದರು. ಎರಡು ಕರಿ ಆನೆ, ನಡುವೆ ಸಿಕ್ಕಿಬಿದ್ದ ಬಿಳಿಯ ರಾಜ, ದೂರದ ಬಲಗಡೆಯಲ್ಲಿ ಮಂತ್ರಿಯ ಪಕ್ಕ ಕಾಲು ಚಾಚಿ ಕೂತ ಕಪ್ಪು ರಾಜ. ಬಹಳ ಹೊತ್ತು ನೋಡಿದರು. ಜೇಬಿನಿಂದ ತಂಡದ ಚೀಟಿ ತೆಗೆದರು, ಪೆನ್ನಿಗಾಗಿ ತಡಕಾಡಿದರು, ಸಿಗಲಿಲ್ಲ.

"ಊಟ ಆದ್ಮೇಲೆ ಫೈನಲ್ಲು" ಎಂದರು. "ಭಾನು ಬೇಡ, ನಾಲ್ಕಕ್ಕೆ ಹೋಗ್ಲಿ. ನೀನು ಎರಡನೇ ಬೋರ್ಡಿಗೆ ಕೂತ್ಕೋತೀಯಾ? ಅಲ್ಲೂ ಕಪ್ಪೇ ಬರೋದು. ಆಗುತ್ತಾ ನಿಂಗೆ?"

ಕೆಲಸಕ್ಕೆ ಸೇರಿದಾಗಿನಿಂದ ಮಲ್ಲಿಕ್ ಅವಳಿಗೆ ಹೇಳಿದ್ದುಂಟು, ಕೂಗಿದ್ದುಂಟು. ಉತ್ತರಕ್ಕಾಗಿ ಹೀಗೆ ಕಾದು ನಿಂತದ್ದು ಇದೇ ಮೊದಲು. ಸುಕೃತಿ ಕುರ್ಚಿ ಹಿಂದಕ್ಕೆ ಸರಿಸಿದಳು. ಎದ್ದು ನಿಂತಳು.

"ಕೂತ್ಕೋತೀನಿ ಸಾರ್" ಎಂದಳು. "ಒಂದು ಲೋಟ ನೀರು ಕುಡಿದು ಬಂದ್ಬಿಡ್ತೀನಿ."